ಯಂತ್ರವನ್ನು ಪ್ರಶ್ನೆ ಕೇಳುವ ಕ್ರಮ

ಸಂಘದ ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ರೂಢಿಯಂತೆ ಹಳಗನ್ನಡ ಕಾವ್ಯವೊಂದರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದೇ ನಾವು ಸಂಕಲ್ಪಿಸಿದ್ದೆವು. ಆದರೆ ಕಳೆದ ಹತ್ತಿಯ ಸುಗ್ಗಿಯಲ್ಲಿ ನಡೆದ ಒಂದು ಪ್ರಸಂಗವು ಆ ಸಂಕಲ್ಪವನ್ನು ಮುಂದಿನ ವರ್ಷಕ್ಕೆ ದೂಡಿತು. ವಾಚಕರು ಕ್ಷಮಿಸಬೇಕು.

ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಈಗ ಪರಸ್ಥಳದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಒಳ್ಳೆಯ ಕೆಲಸ ಮಾಡಿದನು. ಆದೋನಿ ಮಾರುಕಟ್ಟೆಯ ಆ ದಿನದ ಹತ್ತಿಯ ದರವನ್ನು ಕನ್ನಡದಲ್ಲಿ ತೋರಿಸುವ ಪುಟವೊಂದನ್ನು ರಚಿಸಿ, ಊರಿನವರು ತಮ್ಮ ತಮ್ಮ ಫೋನುಗಳಲ್ಲಿ ನೋಡುವಂತೆ ಮಾಡಿದನು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರಿಗೆ ಅವನ ಹೆಸರು ಹೇಳಿ ಹೊಗಳಿದವರು ನಾವೇ. ಹದಿನೈದು ದಿನಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಪೋಷಕರೊಬ್ಬರು ಶಾಲೆಗೆ ಬಂದು, "ಸಾರ್, ನಿಮ್ಮ ಹುಡುಗ ಫೋನಿನಾಗ ತೋರ್ಸೋ ದರಕ್ಕೂ ಮಾರ್ಕೆಟ್ಟಿನ ದರಕ್ಕೂ ತಾಳೇನೇ ಇಲ್ರಿ" ಎಂದರು. ಊರೊಳಗೇ ಕೊಳ್ಳಲು ಬಂದಿದ್ದ ವ್ಯಾಪಾರಿಯನ್ನು ಅವರು ಆ ಪುಟದ ದರವನ್ನು ನಂಬಿ ಹಿಂದಕ್ಕೆ ಕಳುಹಿಸಿದ್ದರು. ಬಾಡಿಗೆಗೆ ಗಾಡಿ ಗೊತ್ತು ಮಾಡಿ ಹತ್ತಿಯನ್ನು ಆದೋನಿಗೆ ತಂದಿದ್ದರು. ಇಲ್ಲಿ ಹರಾಜಿನಲ್ಲಿ ಕೂಗಿದ ದರವೋ ಬೇರೆಯೇ ಆಗಿತ್ತು. ಗಾಡಿಯ ಬಾಡಿಗೆಯೂ ಹೋಯಿತು, ಮನೆಬಾಗಿಲಿನ ವ್ಯಾಪಾರವೂ ಹೋಯಿತು. ಅವರು ಕೋಪ ಮಾಡಲಿಲ್ಲ. ಅದರಿಂದಲೇ ನಮಗೆ ಹೆಚ್ಚು ಸಂಕೋಚವಾಯಿತು.

ಅಂದು ಸಂಜೆ ಹುಡುಗನಿಗೆ ಫೋನು ಮಾಡಿ, ಅವನು ಬರೆದ ಕಾರ್ಯಕ್ರಮದ ಸಾಲುಗಳನ್ನು ಒಂದೊಂದಾಗಿ ಓದಿಸಿ ಕೇಳಿದೆವು. ಪುಟದಲ್ಲಿ ಅಷ್ಟು ದಿನವೂ ಆದೋನಿಯ ಹೆಸರಿನಡಿಯಲ್ಲಿ ಬರುತ್ತಿದ್ದ ದರವು ಬೇರೊಂದು ಜಿಲ್ಲೆಯ ಬೇರೊಂದು ಮಾರುಕಟ್ಟೆಯದೆಂಬುದು ತಿಳಿದುಬಂದಿತು. ದೋಷವಿದ್ದುದು ಒಂದೇ ಸಾಲಿನಲ್ಲಿ. ಆ ಒಂದು ಸಾಲಿನ ವಿಚಾರವೇ ಈ ಲೇಖನದ ವಸ್ತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಗಣಕಯಂತ್ರಕ್ಕೆ ಕಾರ್ಯಕ್ರಮ ಬರೆಯುವ ಉದ್ಯೋಗದಲ್ಲಿದ್ದಾರೆ, ಇನ್ನನೇಕರು ಕಲಿಯುತ್ತಿದ್ದಾರೆ. ಕನ್ನಡದಲ್ಲಿ ಇದನ್ನು ಯಾರಾದರೂ ಬರೆದಿಡುವುದು ಅವಶ್ಯವೆಂದು ನಮಗೆ ತೋರಿತು.

ಅಂಚೆ ಕಚೇರಿಯಲ್ಲಿ ಜನರಿಗಾಗಿ ಕಿಟಕಿಯಿರುವಂತೆ, ಯಂತ್ರವೊಂದು ಇನ್ನೊಂದು ಯಂತ್ರದಿಂದ ವಿವರಗಳನ್ನು ಕೇಳಿ ಪಡೆಯುವುದಕ್ಕಾಗಿ ತೆರೆದಿಟ್ಟ ಕಿಟಕಿಗೆ ಎಪಿಐ ಎಂದು ಹೆಸರು. ಅಂತರ್ಜಾಲದಲ್ಲಿ ಈ ಕಿಟಕಿಗೊಂದು ವಿಳಾಸವಿರುತ್ತದೆ. ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿ, ಅದರ ಮುಂದೆ ನಮಗೆ ಬೇಕಾದುದನ್ನು ಬರೆಯತಕ್ಕದ್ದು. ಹೀಗೆ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಬರೆದ ಭಾಗಕ್ಕೆ ಕ್ವೆರಿ ಸ್ಟ್ರಿಂಗ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಪ್ರಶ್ನೆಯ ಸಾಲು ಎಂದು ಕರೆಯೋಣ. ಜಾಲದ ವಿಳಾಸಗಳ ಬರವಣಿಗೆಯ ನಿಯಮಗಳನ್ನು ಟಿಮ್ ಬರ್ನರ್ಸ್-ಲೀ ಮೊದಲಾದವರು 1994ರಲ್ಲಿ ಆರ್‌ಎಫ್‌ಸಿ 1738 ಎಂಬ ಪತ್ರದಲ್ಲಿ ಕ್ರಮಪಡಿಸಿದರು. 2005ರಲ್ಲಿ ಆರ್‌ಎಫ್‌ಸಿ 3986 ಎಂಬ ಪತ್ರವು ಅವುಗಳನ್ನು ತಿದ್ದಿ ವಿಸ್ತರಿಸಿತು.

ನಮ್ಮ ಸೀಮೆಗೆ ಹತ್ತಿರವಾದ ಉದಾಹರಣೆಯನ್ನೇ ತೆಗೆದುಕೊಳ್ಳುವುದು ಉಚಿತ. ಆದೋನಿಯು ಆಂಧ್ರ ಪ್ರದೇಶದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಹತ್ತಿಯ ಜೊತೆಗೆ ಶೇಂಗಾ, ಹರಳು, ತೊಗರಿ, ಕಡಲೆಗಳೂ ಇಲ್ಲಿಗೆ ಬರುತ್ತವೆ. ದೇಶದ ಕೃಷಿ ಮಾರುಕಟ್ಟೆಗಳ ದೈನಂದಿನ ದರಗಳನ್ನು ಒಂದೆಡೆ ಸೇರಿಸುವ ಆಗ್‌ಮಾರ್ಕ್‌ನೆಟ್ ಎಂಬ ವ್ಯವಸ್ಥೆಯನ್ನು ಭಾರತ ಸರ್ಕಾರವು 2000ದಲ್ಲಿ ಆರಂಭಿಸಿತು. 2012ರಲ್ಲಿ ಡೇಟಾ.ಗವ್.ಇನ್ ಎಂಬ ತಾಣವು ಸ್ಥಾಪಿತವಾದ ಮೇಲೆ, ಅಲ್ಲಿ ಈ ದರಪಟ್ಟಿಯನ್ನು ಯಂತ್ರಗಳು ಕೇಳಿ ಪಡೆಯುವ ಕಿಟಕಿಯೂ ಲಭ್ಯವಾಯಿತು. ಪಟ್ಟಿಯ ಪ್ರತಿಯೊಂದು ಸಾಲಿನಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದರ್ಜೆ, ಸರಕು ಬಂದ ದಿನಾಂಕ, ಅತಿ ಕಡಿಮೆ ದರ, ಅತಿ ಹೆಚ್ಚು ದರ ಹಾಗೂ ಹೆಚ್ಚಾಗಿ ನಡೆದ ದರ ಎಂಬ ಅಂಕಣಗಳಿರುತ್ತವೆ. ದರಗಳೆಲ್ಲವೂ ಕ್ವಿಂಟಾಲಿಗೆ ಇಷ್ಟು ರೂಪಾಯಿ ಎಂದು ತಿಳಿಯತಕ್ಕದ್ದು.

ಈ ಪಟ್ಟಿಯನ್ನು ಕೇಳುವ ವಿಳಾಸವು ಸ್ಥೂಲವಾಗಿ ಹೀಗಿರುತ್ತದೆ. ಯಂತ್ರದಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಓದುಗರ ಅನುಕೂಲಕ್ಕಾಗಿ ಉಚ್ಚಾರಣೆಯನ್ನು ಮಾತ್ರ ಕನ್ನಡದಲ್ಲಿ ಅಚ್ಚು ಮಾಡಿಸಿದ್ದೇವೆ:

ಎಪಿಐ.ಡೇಟಾ.ಗವ್.ಇನ್/ರಿಸೋರ್ಸ್/(ಪಟ್ಟಿಯ ಗುರುತು)?ಎಪಿಐ-ಕೀ=(ಕೀಲಿ)&ಫಾರ್ಮ್ಯಾಟ್=ಜೆಸನ್&ಲಿಮಿಟ್=10&ಫಿಲ್ಟರ್ಸ್[ಮಾರ್ಕೆಟ್]=ಆದೋನಿ&ಫಿಲ್ಟರ್ಸ್[ಕಮಾಡಿಟಿ]=ಕಾಟನ್

ಇದನ್ನು ನೋಡಿ ಹೆದರಬೇಕಾಗಿಲ್ಲ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿರುವುದೆಲ್ಲವೂ ಜೋಡಿಗಳ ಸಾಲು. ಪ್ರತಿಯೊಂದು ಜೋಡಿಯಲ್ಲಿ ಎಡಕ್ಕೆ ಒಂದು ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಅದರ ಮೌಲ್ಯ. ಒಂದು ಜೋಡಿ ಮುಗಿದು ಇನ್ನೊಂದು ಆರಂಭವಾಗುವಲ್ಲಿ & ಎಂಬ ಚಿಹ್ನೆ. ನಮ್ಮ ಊರಿನ ಹತ್ತಿ ಜಿನ್ನುಗಳ ಹಾಗೂ ದಲಾಲಿ ಅಂಗಡಿಗಳ ಹಲಗೆಗಳ ಮೇಲೆ 'ಸನ್ಸ್', 'ಕೋ' ಎಂಬ ಮಾತುಗಳ ಮುಂಚೆ ಕಾಣುವ ಚಿಹ್ನೆಯೇ ಇದು. ಮನಿಯಾರ್ಡರು ಫಾರಮನ್ನು ತುಂಬಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. 'ಹೆಸರು', 'ಊರು', 'ಮೊತ್ತ' ಎಂದು ಅಚ್ಚಾಗಿರುವುದರ ಎದುರಿಗೆ ನಾವು ತುಂಬುತ್ತೇವಷ್ಟೆ. ಇಲ್ಲಿ ಫಾರಮು ಉದ್ದಕ್ಕೆ ಒಂದೇ ಸಾಲಾಗಿದೆ, ಗೆರೆಗಳ ಬದಲು ಚಿಹ್ನೆಗಳಿವೆ.

ತೊಡಕು ಆರಂಭವಾಗುವುದು ಇಲ್ಲಿಯೇ. ಗೆರೆಯ ಕೆಲಸವನ್ನು ಚಿಹ್ನೆಯು ಮಾಡುತ್ತಿರುವಾಗ, ತುಂಬಬೇಕಾದ ಮೌಲ್ಯದೊಳಗೇ ಅದೇ ಚಿಹ್ನೆ ಬಂದರೆ ಗತಿಯೇನು? ಅಂಗಡಿಯ ಹೆಸರೊಂದನ್ನು ಕೇಳಬೇಕಾಗಿದೆ; ಆ ಹೆಸರಿನಲ್ಲಿ '& ಸನ್ಸ್' ಎಂದಿದೆ. ಅದನ್ನು ಇದ್ದ ಹಾಗೆಯೇ ಸಾಲಿಗೆ ಅಂಟಿಸಿದರೆ, ಓದುವ ಯಂತ್ರವು ಹೆಸರನ್ನು & ಚಿಹ್ನೆಯ ಬಳಿಗೆ ಮುಗಿಸಿಬಿಡುತ್ತದೆ; 'ಸನ್ಸ್' ಎಂಬುದು ಮೌಲ್ಯವಿಲ್ಲದ ಹೊಸ ಜೋಡಿಯೆಂದು ಭಾವಿಸುತ್ತದೆ. ತಂದೆಯ ಅಂಗಡಿ ಉಳಿಯಿತು, ಮಕ್ಕಳು ಬೀದಿಗೆ ಬಿದ್ದರು! ಹಾಗೆಯೇ # ಎಂಬ ಚಿಹ್ನೆಯು ಮೌಲ್ಯದಲ್ಲಿದ್ದರೆ, ಅಲ್ಲಿಂದ ಮುಂದಿನ ಭಾಗವು ಎದುರಿನ ಯಂತ್ರಕ್ಕೆ ತಲುಪುವುದೇ ಇಲ್ಲ. ಏಕೆಂದರೆ # ಇಂದ ಮುಂದಿನದು ಪುಟದೊಳಗಿನ ಸ್ಥಳವನ್ನು ಸೂಚಿಸುವುದಕ್ಕೆ ಮೀಸಲಾಗಿದ್ದು, ಕೇಳುವವನ ಯಂತ್ರದಲ್ಲಿಯೇ ಉಳಿಯತಕ್ಕದ್ದೆಂದು ನಿಯಮವಿದೆ.

ಆದುದರಿಂದ ಇಂಥ ಚಿಹ್ನೆಗಳಿಗೆ ಮಾರುವೇಷ ತೊಡಿಸಿ ಕಳುಹಿಸುವ ಪದ್ಧತಿಯೊಂದನ್ನು ಏರ್ಪಡಿಸಿದ್ದಾರೆ. ಚಿಹ್ನೆಯ ಬದಲಿಗೆ ಶೇಕಡಾ ಗುರುತನ್ನು ಹಾಕಿ, ಅದರ ಮುಂದೆ ಆ ಚಿಹ್ನೆಯ ಸಂಖ್ಯೆಯನ್ನು ಎರಡು ಸ್ಥಾನಗಳಲ್ಲಿ ಬರೆಯುವುದೇ ಆ ಪದ್ಧತಿ. ಈ ಸಂಖ್ಯೆಯು ಹತ್ತರ ಲೆಕ್ಕದ್ದಲ್ಲ, ಹದಿನಾರರ ಲೆಕ್ಕದ್ದು. ನಮ್ಮ ಮಕ್ಕಳಿಗೆ ಹದಿನಾರರ ಲೆಕ್ಕವೆಂದರೆ ಮುಖ ಬಾಡುತ್ತದೆ. ಆದರೆ 1957ರ ಏಪ್ರಿಲ್ ಒಂದರಂದು ದಶಮಾಂಶ ನಾಣ್ಯಗಳು ಬರುವವರೆಗೆ ನಮ್ಮ ತಾತಂದಿರು ದಿನನಿತ್ಯವೂ ಇದೇ ಲೆಕ್ಕದಲ್ಲಿ ವ್ಯಾಪಾರ ಮಾಡಿದರಲ್ಲವೆ? ಹದಿನಾರು ಆಣೆಗೆ ಒಂದು ರೂಪಾಯಿ. & ಚಿಹ್ನೆಯ ಸಂಖ್ಯೆ 38. ಮೂವತ್ತೆಂಟು ಆಣೆಗೆ ಎರಡು ರೂಪಾಯಿ ಆರು ಆಣೆ; ಆದುದರಿಂದ ಅದರ ಮಾರುವೇಷ %26. ಖಾಲಿ ಸ್ಥಳದ ಸಂಖ್ಯೆ 32. ಎರಡು ರೂಪಾಯಿ ಸೊನ್ನೆ ಆಣೆ, ಎಂದರೆ %20. # ಚಿಹ್ನೆಯದು 35, ಬರೆಯುವುದು %23. ಶೇಕಡಾ ಗುರುತಿಗೇ 37, ಬರೆಯುವುದು %25. ಹತ್ತು ಆಣೆಯಿಂದ ಹದಿನೈದು ಆಣೆಯವರೆಗೆ ಒಂದೇ ಅಂಕೆಯಲ್ಲಿ ಬರೆಯಲಾಗದುದರಿಂದ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಬಳಸುತ್ತಾರೆ. + ಚಿಹ್ನೆಯ ಸಂಖ್ಯೆ 43, ಎರಡು ರೂಪಾಯಿ ಹನ್ನೊಂದು ಆಣೆ, ಆದುದರಿಂದ %2ಬಿ. ಸಮ ಚಿಹ್ನೆಗೆ 61, ಎಂದರೆ %3ಡಿ. ಈ ವಿವರಣೆಯನ್ನು ಎಂಟನೆಯ ತರಗತಿಯಲ್ಲಿ ಹೇಳಿ ನೋಡಿದೆವು. ಆಣೆ ಎಂದರೇನೆಂದು ವಿವರಿಸುವುದಕ್ಕೇ ಅರ್ಧ ಪಿರಿಯಡ್ ಹಿಡಿಯಿತು.

ಇಂಗ್ಲಿಷಿನ ಅಕ್ಷರಗಳು, ಅಂಕೆಗಳು, ಮತ್ತು ಅಡ್ಡಗೆರೆ, ಚುಕ್ಕೆ, ಅಡಿಗೆರೆ, ಅಲೆಗೆರೆ ಎಂಬ ನಾಲ್ಕು ಚಿಹ್ನೆಗಳು ಮಾತ್ರ ಯಾವ ಮಾರುವೇಷವೂ ಇಲ್ಲದೆ ಎಲ್ಲಿ ಬೇಕಾದರೂ ಸಂಚರಿಸಬಹುದೆಂದು 2005ರ ನಿಯಮಪತ್ರವು ಹೇಳುತ್ತದೆ. ಉಳಿದವುಗಳಲ್ಲಿ ಕೆಲವಕ್ಕೆ ಕೆಲವು ಸ್ಥಳಗಳಲ್ಲಿ ರಿಯಾಯಿತಿಯುಂಟು. ಆ ಸೂಕ್ಷ್ಮಗಳನ್ನು ನೆನಪಿಡುವ ಗೋಜಿಗೆ ಹೋಗದೆ, ಮೌಲ್ಯದೊಳಗೆ ಬರುವ ಚಿಹ್ನೆಗಳನ್ನೆಲ್ಲ ಮಾರುವೇಷದಲ್ಲಿ ಕಳುಹಿಸಿದರೆ ನಷ್ಟವಿಲ್ಲ. ಸರ್ಕಾರದ ಆ ದರಪಟ್ಟಿಯಲ್ಲಿ ತೊಗರಿಯ ಹೆಸರನ್ನು ನೋಡಿ: 'ಅರ್‌ಹರ್ (ತುರ್/ರೆಡ್ ಗ್ರಾಮ್)(ಹೋಲ್)' ಎಂದಿದೆ. ಒಂದು ಕಾಳಿನ ಹೆಸರಿನೊಳಗೆ ಎರಡು ಜೊತೆ ಆವರಣ, ಒಂದು ಓರೆಗೆರೆ, ಎರಡು ಖಾಲಿ ಸ್ಥಳಗಳು! ಅದನ್ನು ಅಕ್ಷರ ತಪ್ಪದೆ, ಆವರಣ ಬಿಡದೆ ಕೇಳಿದರೆ ಮಾತ್ರ ತೊಗರಿಯ ದರ ದೊರೆಯುತ್ತದೆ. 'ತೊಗರಿ' ಎಂದರೂ ಇಲ್ಲ, 'ತುರ್' ಎಂದರೂ ಇಲ್ಲ.

ಖಾಲಿ ಸ್ಥಳದ ವಿಷಯದಲ್ಲಿ ಎರಡು ಸಂಪ್ರದಾಯಗಳು ಬೆಳೆದುಬಂದಿವೆ. ವಿಳಾಸದ ನಿಯಮದಂತೆ ಅದು %20. ಆದರೆ ಪುಟಗಳಲ್ಲಿನ ಫಾರಮುಗಳನ್ನು ಕಳುಹಿಸುವ ಹಳೆಯ ವಾಡಿಕೆಯಂತೆ ಅದನ್ನು + ಚಿಹ್ನೆಯಾಗಿ ಬರೆಯುತ್ತಾರೆ. ಓದುವ ಯಂತ್ರಗಳು ಸಾಮಾನ್ಯವಾಗಿ ಎರಡನ್ನೂ ಅರ್ಥಮಾಡಿಕೊಳ್ಳುತ್ತವೆ. ಆದರೆ ಇದರಿಂದ ಉಂಟಾಗುವ ವಿಪರೀತವನ್ನು ಗಮನಿಸಬೇಕು. ಫೋನು ಸಂಖ್ಯೆಯನ್ನು +91 ಎಂದು ಆರಂಭಿಸಿ ಹಾಗೆಯೇ ಅಂಟಿಸಿದರೆ, ಎದುರಿನ ಯಂತ್ರವು + ಚಿಹ್ನೆಯನ್ನು ಖಾಲಿ ಸ್ಥಳವೆಂದು ಓದಿ, ಮುಂದೆ ಒಂದು ತೆರಪು ಬಿಟ್ಟ 91 ಎಂದು ತಿಳಿಯುತ್ತದೆ. ಸಂದೇಶವು ಯಾರಿಗೂ ತಲುಪುವುದಿಲ್ಲ. ನಿಜವಾದ + ಬೇಕಾದಲ್ಲಿ %2ಬಿ ಎಂದೇ ಬರೆಯತಕ್ಕದ್ದು.

ಇನ್ನೊಂದು ಪ್ರಮಾದವು ಅತಿ ಜಾಗರೂಕರಿಗೆ ಒದಗುವಂಥದು. ಮಾರುವೇಷ ತೊಟ್ಟ ಮೌಲ್ಯಕ್ಕೆ ತಿಳಿಯದೆ ಮತ್ತೊಮ್ಮೆ ಮಾರುವೇಷ ತೊಡಿಸುತ್ತಾರೆ. ಆಗ %20 ಎಂಬುದರಲ್ಲಿನ ಶೇಕಡಾ ಗುರುತೇ %25 ಆಗಿ, ಒಟ್ಟು %2520 ಎಂದಾಗುತ್ತದೆ. ಲಕೋಟೆಯೊಳಗೆ ಲಕೋಟೆಯಿಟ್ಟಂತೆ. ಎದುರಿನ ಯಂತ್ರವು ಹೊರಗಿನದನ್ನು ಒಡೆದು, ಒಳಗಿನ %20 ಎಂಬುದನ್ನೇ ಊರ ಹೆಸರಿನ ಭಾಗವೆಂದು ನಂಬುತ್ತದೆ. ವಿಳಾಸದಲ್ಲಿ ಎಲ್ಲಿಯಾದರೂ %25 ಕಂಡರೆ ಮೊದಲು ಈ ಸಂಶಯವನ್ನು ತೀರಿಸಿಕೊಳ್ಳುವುದು ಒಳ್ಳೆಯದು.

ಈಗ ಕನ್ನಡದ ವಿಚಾರಕ್ಕೆ ಬರೋಣ. ನಮ್ಮ ವಾಚಕರಿಗೆ ಇದೇ ಹೆಚ್ಚು ಹತ್ತಿರವಾದುದು. ಕನ್ನಡ ವಿಕಿಪೀಡಿಯದ ಪುಟವೊಂದರ ಕೊಂಡಿಯನ್ನು ಮಿತ್ರರು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದಾಗ, ಕನ್ನಡದ ಹೆಸರಿರಬೇಕಾದ ಕಡೆ ಶೇಕಡಾ ಗುರುತುಗಳ ದೊಡ್ಡ ಸಂತೆಯೇ ನೆರೆದಿರುವುದನ್ನು ಎಲ್ಲರೂ ಕಂಡಿರುತ್ತೀರಿ. ಅನೇಕರು ಅದನ್ನು ಕೆಟ್ಟುಹೋದ ಕೊಂಡಿಯೆಂದೋ ಕಳ್ಳರ ಕೊಂಡಿಯೆಂದೋ ತಿಳಿದು ಒತ್ತುವುದೇ ಇಲ್ಲ. ಅದು ಕೆಟ್ಟಿಲ್ಲ. ಅದು ಕನ್ನಡವೇ, ಮಾರುವೇಷದಲ್ಲಿದೆ.

ಹೇಗೆಂದರೆ: ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಗುಣಿತದ ಚಿಹ್ನೆಗೂ ಯುನಿಕೋಡಿನಲ್ಲಿ ಒಂದೊಂದು ಸಂಖ್ಯೆಯುಂಟು. ಆ ಸಂಖ್ಯೆಯನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದರೆ ಮೂರು ಬೈಟುಗಳಾಗುತ್ತವೆ. ಈ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದರು. ಒಂದು ಬೈಟಿಗೆ ಶೇಕಡಾ ಗುರುತೂ ಎರಡು ಅಂಕೆಗಳೂ ಸೇರಿ ಮೂರು ಸ್ಥಾನ. ಆದುದರಿಂದ ಕನ್ನಡದ ಒಂದು ಅಕ್ಷರಕ್ಕೆ ಒಂಬತ್ತು ಸ್ಥಾನ. 'ಆದೋನಿ' ಎಂಬ ಪದವನ್ನು ಬಿಡಿಸಿ ನೋಡಿ: ಆ, ದ, ಓಕಾರದ ಚಿಹ್ನೆ, ನ, ಇಕಾರದ ಚಿಹ್ನೆ, ಒಟ್ಟು ಐದು. ಮೊದಲನೆಯ 'ಆ' ಎಂಬುದು %ಇ0%ಬಿ2%86 ಎಂದಾಗುತ್ತದೆ. ಐದಕ್ಕೂ ಸೇರಿ ನಲವತ್ತೈದು ಸ್ಥಾನಗಳು. ಇಂಗ್ಲಿಷಿನಲ್ಲಿ ಐದು ಅಕ್ಷರಗಳಲ್ಲಿ ಮುಗಿಯುವ ಊರ ಹೆಸರು ಕನ್ನಡದಲ್ಲಿ ಒಂಬತ್ತು ಪಟ್ಟು ಉದ್ದವಾಯಿತು. ವಿಳಾಸದ ಸಾಲು ಕಡಿಮೆಯೆಂದರೆ 8,000 ಬೈಟುಗಳಷ್ಟು ಉದ್ದವಿದ್ದರೂ ಸ್ವೀಕರಿಸುವುದು ಲೇಸೆಂದು 2022ರ ಆರ್‌ಎಫ್‌ಸಿ 9110 ಸಲಹೆ ಮಾಡಿದೆ. ಕನ್ನಡದಲ್ಲಿ ಲೆಕ್ಕ ಹಾಕಿದರೆ ಅದು ಒಂಬೈನೂರು ಅಕ್ಷರ-ಚಿಹ್ನೆಗಳಿಗೂ ಸಾಲದು. ಊರ ಹೆಸರಿಗೆ ಧಾರಾಳವಾಯಿತು. ಒಂದು ಪ್ರಬಂಧವನ್ನು ಹೀಗೆ ಕಳುಹಿಸಲಾಗದು.

ಗಡಿನಾಡಿನವರಾದ ನಮಗೆ ಇಲ್ಲೊಂದು ವಿಶೇಷವಾದ ಎಚ್ಚರಿಕೆ ಬೇಕು. 1953ರ ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯವು ಉದಯಿಸಿದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿದುವು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಎರಡು ಲಿಪಿಗಳ ನಡುವೆ ಬೆಳೆಯುತ್ತಾರೆ. ಎರಡು ಲಿಪಿಗಳೂ ಅಕ್ಕತಂಗಿಯರಂತಿವೆ. 'ಆ' ಅಕ್ಷರವನ್ನೇ ತೆಗೆದುಕೊಳ್ಳಿ. ಕನ್ನಡದ್ದು ಯಾವುದು, ತೆಲುಗಿನದು ಯಾವುದೆಂದು ಥಟ್ಟನೆ ಹೇಳುವುದು ದೊಡ್ಡವರಿಗೂ ಕಷ್ಟ. ಆದರೆ ಯಂತ್ರಕ್ಕೆ ಕಣ್ಣಿಲ್ಲ, ಸಂಖ್ಯೆ ಮಾತ್ರ ಉಂಟು. ತೆಲುಗಿನ 'ಆ' ಎಂಬುದು %ಇ0%ಬಿ0%86. ಕನ್ನಡದ್ದಕ್ಕೂ ಅದಕ್ಕೂ ನಡುವಿನ ಬೈಟಿನಲ್ಲಿ ಮಾತ್ರ ವ್ಯತ್ಯಾಸ, ಸೊನ್ನೆಗೆ ಬದಲಾಗಿ ಎರಡು. ಫೋನಿನ ಕೀಲಿಮಣೆಯು ತೆಲುಗಿನಲ್ಲಿರುವುದನ್ನು ಮರೆತು ಊರ ಹೆಸರನ್ನು ಟೈಪು ಮಾಡಿ, ಕನ್ನಡದ ಪಟ್ಟಿಯಲ್ಲಿ ಹುಡುಕಿದರೆ, ಕಣ್ಣಿಗೆ ಒಂದೇ ಆಗಿ ಕಂಡರೂ 'ಇಲ್ಲ' ಎಂಬ ಉತ್ತರವೇ ಬರುತ್ತದೆ. ನಮ್ಮ ಶಾಲೆಯ ದಾಖಲಾತಿ ಕೆಲಸದಲ್ಲಿಯೂ ಒಂದಿಬ್ಬರು ಮಕ್ಕಳ ಹೆಸರು ಹೀಗೆಯೇ ಸಿಕ್ಕದೆ ಒಂದು ದಿನವಿಡೀ ಪರದಾಡಿದ್ದೇವೆ. ಇದರ ಮೇಲೆ, ಹಿರಿಯರು ಇದೇ ಊರನ್ನು ಆದವಾನಿ ಎಂದೂ ಬರೆಯುತ್ತಾರೆ. ಆದವಾನಿ ಎಂದು ಕೇಳಿದವನಿಗೆ ಆದೋನಿಯ ಉತ್ತರವು ತಾನಾಗಿ ಬರುವುದಿಲ್ಲ.

ಒಂದೇ ಲಿಪಿಯೊಳಗೂ ತೊಡಕುಗಳಿವೆ. 'ದೋ' ಎಂಬುದರಲ್ಲಿನ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಒಂದರ ಮುಂದೊಂದು ಕೂಡಿಸಿಯೂ ಬರೆಯಬಹುದು. ನೋಟಕ್ಕೆ ಒಂದೇ, ಸಂಖ್ಯೆಗಳು ಬೇರೆ. ಇದನ್ನು ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಸಂಸ್ಕಾರವುಂಟು. ಸಾಲಿಗೆ ಸೇರಿಸುವ ಮುನ್ನ ಅದನ್ನು ಮಾಡಿಸಬೇಕು. ಒತ್ತಕ್ಷರ ಬಾರದಂತೆ ತಡೆಯಲು ನಡುವೆ ಸೇರಿಸುವ ಕಣ್ಣಿಗೆ ಕಾಣದ ಸಂಧಿಚಿಹ್ನೆಯೊಂದಿದೆ. ಅದೂ ಸದ್ದಿಲ್ಲದೆ ಮೂರು ಬೈಟುಗಳಾಗಿ ಸಾಲಿನೊಳಗೆ ಸೇರಿಕೊಳ್ಳುತ್ತದೆ. ಕನ್ನಡದ ಅಂಕೆಗಳ ಮೇಲೆ ನಮಗೆಷ್ಟೇ ಅಭಿಮಾನವಿದ್ದರೂ, 'ಲಿಮಿಟ್=೧೦' ಎಂದು ಬರೆದರೆ ಹೆಚ್ಚಿನ ಯಂತ್ರಗಳು ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ.

ಇಷ್ಟೆಲ್ಲವನ್ನೂ ಕೈಯಿಂದ ಮಾಡಬೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೇಡ, ಮಾಡಲೂ ಕೂಡದು. ನಮ್ಮ ಅಭಿಪ್ರಾಯದಲ್ಲಿ ಹೊಸಬರು ಮಾಡುವ ಮೊದಲ ತಪ್ಪೇ ಇದು: ತುಂಡುಗಳನ್ನು + ಚಿಹ್ನೆಯಿಂದ ಒಂದಕ್ಕೊಂದು ಅಂಟಿಸಿ ಸಾಲನ್ನು ಕಟ್ಟುತ್ತಾರೆ. 'ಆದೋನಿ', 'ಕಾಟನ್' ಎಂಬಂಥ ಸರಳ ಮೌಲ್ಯಗಳಿರುವವರೆಗೆ ಅದು ನಡೆಯುತ್ತದೆ. ನಡೆಯುವುದರಿಂದಲೇ ತಪ್ಪೆಂದು ತಿಳಿಯುವುದಿಲ್ಲ. ತೊಗರಿಯ ಸರದಿ ಬಂದ ದಿನ ಕುಸಿದುಬೀಳುತ್ತದೆ. ಪೈಥಾನ್ ಭಾಷೆಯಲ್ಲಿ ಯುಆರ್‌ಎಲ್‌ಲಿಬ್ ಭಂಡಾರದೊಳಗೆ ಯುಆರ್‌ಎಲ್‌ಎನ್‌ಕೋಡ್ ಎಂಬ ಸಾಧನವಿದೆ. ಹೆಸರು-ಮೌಲ್ಯಗಳ ಜೋಡಿಗಳನ್ನು ಒಂದು ಪಟ್ಟಿಯಾಗಿ ಅದರ ಕೈಗಿತ್ತರೆ, ಮಾರುವೇಷ ತೊಡಿಸಿ, ಸಮ ಚಿಹ್ನೆ ಹಾಕಿ, & ಚಿಹ್ನೆಯಿಂದ ಕೂಡಿಸಿ ಸಿದ್ಧವಾದ ಸಾಲನ್ನು ಕೊಡುತ್ತದೆ. ಹೆಸರಿನಲ್ಲಿರುವ ಚೌಕ ಆವರಣಗಳಿಗೂ ಅದು %5ಬಿ, %5ಡಿ ಎಂದು ವೇಷ ತೊಡಿಸುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಈ ಕೆಲಸಕ್ಕೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಇದೆ. ಅಲ್ಲಿಯೇ ಎನ್‌ಕೋಡ್‌ಯುಆರ್‌ಐ, ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಎಂಬ ಎರಡು ಸಾಧನಗಳೂ ಇವೆ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು. ಮೊದಲನೆಯದು ಇಡೀ ವಿಳಾಸಕ್ಕಾಗಿ ಇರುವುದು, &, =, +, # ಮೊದಲಾದವನ್ನು ಮುಟ್ಟುವುದಿಲ್ಲ. ಒಂದು ಮೌಲ್ಯಕ್ಕೆ ವೇಷ ತೊಡಿಸಲು ಎರಡನೆಯದೇ ಬೇಕು.

ಸಾಧನವನ್ನು ಬಳಸಿದರೂ ಒಂದು ಸಂಗತಿಯನ್ನು ನೋಡಿಕೊಳ್ಳಬೇಕಾಗುತ್ತದೆ. ಮೌಲ್ಯವೇ ಇಲ್ಲದ ಅಂಕಣವನ್ನು ಪಟ್ಟಿಯಲ್ಲಿ ಹಾಗೆಯೇ ಬಿಟ್ಟರೆ, ಪೈಥಾನ್ ಅದರ ಸ್ಥಳದಲ್ಲಿ ಏನೂ ಇಲ್ಲವೆಂಬ ಅರ್ಥದ 'ನನ್' ಎಂಬ ಪದವನ್ನೇ ಬರೆದುಬಿಡುತ್ತದೆ. ಆಗ ಎದುರಿನ ಯಂತ್ರವು 'ನನ್' ಎಂಬ ತಳಿಯ ಹತ್ತಿಯನ್ನು ಹುಡುಕಲು ಹೊರಡುತ್ತದೆ. ತುಂಬದ ಅಂಕಣಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕತಕ್ಕದ್ದು. ದಿನಾಂಕವನ್ನು ಸೇವೆಯು ಕೇಳುವ ಕ್ರಮದಲ್ಲಿಯೇ ಕೊಡಬೇಕು. 04/05 ಎಂದರೆ ನಮಗೆ ಮೇ ತಿಂಗಳ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಐದು.

ಕೀಲಿಯ ವಿಷಯವಾಗಿ ಒಂದು ಮಾತು. ಪ್ರಶ್ನೆಯ ಸಾಲಿನಲ್ಲಿರುವುದು ಗುಟ್ಟಾಗಿ ಉಳಿಯುವುದಿಲ್ಲ. ಅದು ನೋಡುವ ಯಂತ್ರದ ಚರಿತ್ರೆಯಲ್ಲಿ ಉಳಿಯುತ್ತದೆ, ಸರ್ವರಿನ ದಿನಚರಿಯಲ್ಲಿಯೂ ಬರೆಯಲ್ಪಡುತ್ತದೆ. ಸೇವೆಯು ಕೀಲಿಯನ್ನು ಅಲ್ಲಿಯೇ ಕೇಳಿದರೆ ಕೊಡದೆ ವಿಧಿಯಿಲ್ಲ; ಆದರೆ ಆ ವಿಳಾಸವನ್ನು ಇದ್ದ ಹಾಗೆಯೇ ಗೆಳೆಯರ ಗುಂಪಿಗೆ ಕಳುಹಿಸುವುದಾಗಲಿ, ಪ್ರಾಜೆಕ್ಟಿನ ವರದಿಯಲ್ಲಿ ಅಚ್ಚು ಮಾಡಿಸುವುದಾಗಲಿ ಸಲ್ಲದು. ಗುಪ್ತಪದ, ಆಧಾರ್ ಸಂಖ್ಯೆಗಳನ್ನಂತೂ ಈ ಸಾಲಿನಲ್ಲಿ ಎಂದಿಗೂ ಬರೆಯಕೂಡದು.

ಇನ್ನು ಆ ಹುಡುಗನ ತಪ್ಪಿಗೆ ಬರೋಣ. ಅವನು ಬಳಸಿದ ಸೇವೆ ಯಾವುದೆಂಬುದು ಇಲ್ಲಿ ಅಪ್ರಸ್ತುತ. ದೋಷ ಸೇವೆಯದಲ್ಲ, ಅವನದು, ಪರೀಕ್ಷಿಸದೆ ಹೊಗಳಿದ ನಮ್ಮದು. ಮಾರುಕಟ್ಟೆಯ ಅಂಕಣಕ್ಕೆ ಆ ಸೇವೆಯು ಇಟ್ಟಿದ್ದ ಹೆಸರು ಒಂದು. ಅವನು ನಿಯಮಗಳ ಪುಟವನ್ನು ಓದದೆ, ಹೀಗಿದ್ದೀತೆಂದು ಊಹಿಸಿ ಬರೆದ ಹೆಸರು ಇನ್ನೊಂದು. ತನಗೆ ಪರಿಚಯವಿಲ್ಲದ ಹೆಸರು ಬಂದಾಗ ಕೆಲವು ಯಂತ್ರಗಳು 'ಇದೇನು?' ಎಂದು ಆಕ್ಷೇಪಿಸುತ್ತವೆ. ಬಹಳಷ್ಟು ಯಂತ್ರಗಳು ಆ ಜೋಡಿಯನ್ನು ಕಂಡೂ ಕಾಣದಂತೆ ಬಿಟ್ಟು ಉಳಿದುದಕ್ಕೆ ಉತ್ತರ ಕೊಡುತ್ತವೆ. ಇಲ್ಲಿಯೂ ಹಾಗೆಯೇ ಆಯಿತು. ಸರಕಿನ ಅಂಕಣದ ಹೆಸರನ್ನು ಅವನು ಸರಿಯಾಗಿ ಬರೆದಿದ್ದನು. ಆದುದರಿಂದ ಬಂದ ಸಾಲುಗಳೆಲ್ಲವೂ ಹತ್ತಿಯವೇ ಆಗಿದ್ದುವು. ಆದರೆ ಊರಿನ ಶೋಧವು ಬಿದ್ದುಹೋಗಿದ್ದುದರಿಂದ ಅವು ಎಲ್ಲ ಊರುಗಳ ಹತ್ತಿಯಾಗಿದ್ದುವು. ಅವನ ಕಾರ್ಯಕ್ರಮವು ಮೊದಲನೆಯ ಸಾಲನ್ನು ತೆಗೆದು, ಅದರ ಮೇಲೆ 'ಆದೋನಿ' ಎಂದು ತಾನೇ ಬರೆದು ತೋರಿಸುತ್ತಿತ್ತು. ದರವು ಹತ್ತಿಯ ದರದಂತೆಯೇ ಇದ್ದುದರಿಂದ ಹದಿನೈದು ದಿನ ಯಾರಿಗೂ ಸಂಶಯ ಬರಲಿಲ್ಲ. ತೀರ ತಪ್ಪಾದ ಉತ್ತರಕ್ಕಿಂತ ಸರಿಯಂತೆ ತೋರುವ ಉತ್ತರವು ಹೆಚ್ಚು ಹಾನಿ ಮಾಡಿತು.

ಇದರ ಸೋದರ ದೋಷವೊಂದನ್ನೂ ಆಗಲೇ ಕಂಡುಹಿಡಿದೆವು. ಸೇವೆಗಳು ಪಟ್ಟಿಯನ್ನು ಒಮ್ಮೆಗೇ ಪೂರ್ಣವಾಗಿ ಕೊಡುವುದಿಲ್ಲ; ಲಿಮಿಟ್ ಎಂಬ ಹೆಸರಿನಲ್ಲಿ ಎಷ್ಟು ಸಾಲು ಬೇಕೆಂದೂ, ಆಫ್‌ಸೆಟ್ ಎಂಬ ಹೆಸರಿನಲ್ಲಿ ಎಷ್ಟು ಸಾಲು ಬಿಟ್ಟು ಮುಂದಿನದು ಬೇಕೆಂದೂ ಹೇಳಬೇಕು. ಡೇಟಾ.ಗವ್.ಇನ್ ತಾಣದಲ್ಲಿ ಮಾದರಿಗಾಗಿ ಕೊಡುವ ಕೀಲಿಯಿಂದ ಹತ್ತು ಸಾಲುಗಳಿಗಿಂತ ಹೆಚ್ಚು ದೊರೆಯುವುದಿಲ್ಲ. ಹನ್ನೊಂದನೆಯ ಸಾಲಿನಲ್ಲಿ ನಮ್ಮ ಊರಿದ್ದರೆ, ಹತ್ತನ್ನೇ ಓದಿದವನು 'ಈ ದಿನ ಆದೋನಿಯಲ್ಲಿ ವ್ಯಾಪಾರವಿಲ್ಲ' ಎಂದು ಸಾರಿಬಿಡುತ್ತಾನೆ.

ಹುಡುಗನು ಮುಂದಿನ ಭಾನುವಾರ ಊರಿಗೆ ಬಂದು, ಶಾಲೆಯ ಕೊಠಡಿಯಲ್ಲಿಯೇ ಕುಳಿತು ಎಲ್ಲವನ್ನೂ ತಿದ್ದಿದನು. ಅಂಟಿಸಿದ ಸಾಲನ್ನು ಅಳಿಸಿ, ಜೋಡಿಗಳ ಪಟ್ಟಿಯನ್ನು ಸಾಧನದ ಕೈಗೆ ಕೊಟ್ಟನು. ಅಂಕಣಗಳ ಹೆಸರುಗಳನ್ನು ಸೇವೆಯ ಪುಟದಿಂದ ನೋಡಿಯೇ ಬರೆದನು. ಪುಟದಲ್ಲಿ ಊರ ಹೆಸರನ್ನು ಈಗ ಅವನು ತಾನಾಗಿ ಬರೆಯುವುದಿಲ್ಲ. ಉತ್ತರದಲ್ಲಿ ಬಂದ ಮಾರುಕಟ್ಟೆಯ ಹೆಸರನ್ನೂ ದಿನಾಂಕವನ್ನೂ ದರದ ಪಕ್ಕದಲ್ಲಿಯೇ ತೋರಿಸುತ್ತಾನೆ, ಕೇಳಿದ ಊರಿಗೂ ಬಂದ ಊರಿಗೂ ತಾಳೆಯಾಗದಿದ್ದರೆ ದರವನ್ನು ತೋರಿಸುವುದೇ ಇಲ್ಲ. ಒಂದು ಸಾಲೂ ಬಾರದ ದಿನ, ಮೊದಲಿನಂತೆ 'ವ್ಯಾಪಾರವಿಲ್ಲ' ಎನ್ನದೆ, 'ವಿವರ ದೊರೆಯಲಿಲ್ಲ' ಎಂದು ಬರೆಯುವಂತೆ ನಾವು ಹೇಳಿದೆವು; ಎರಡಕ್ಕೂ ಇರುವ ಅಂತರವನ್ನು ಅವನು ಕೂಡಲೇ ಗ್ರಹಿಸಿದನು. ಸಂಜೆ ಅವನನ್ನು ಜೊತೆಗೆ ಕರೆದುಕೊಂಡು ಆ ಪೋಷಕರ ಮನೆಗೂ ಹೋಗಿಬಂದೆವು. ಅವರು ಚಹಾ ಕೊಟ್ಟು, ಪುಟವನ್ನು ಮತ್ತೊಮ್ಮೆ ಫೋನಿಗೆ ಹಾಕಿಸಿಕೊಂಡರು. ಈಗಲೂ ನೋಡುತ್ತಾರಂತೆ, ಆದರೆ ಗಾಡಿ ಗೊತ್ತು ಮಾಡುವ ಮುನ್ನ ದಲಾಲಿ ಅಂಗಡಿಗೆ ಒಂದು ಫೋನು ಮಾಡುವುದನ್ನು ಬಿಟ್ಟಿಲ್ಲ.